ಸ್ಟೆಫನ್ ಕರಿ: ಡೇವಿಡ್ಸನ್ ಕಾಲೇಜಿನ ಮೂರು ವರ್ಷ

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳೆಲ್ಲ ಬಾಸ್ಕೆಟ್‌ಬಾಲ್ ಆಟಗಾರ ಸ್ಟೆಫನ್ ಕರಿಯನ್ನು ಕೈಬಿಟ್ಟಿದ್ದೇಕೆ ಎಂದರೆ ಎತ್ತರ, ತೂಕ ಎನ್ನುವ ಉತ್ತರ ಸಿಗುತ್ತದೆ. ಸುಳ್ಳೇನಲ್ಲ. 2006ರಲ್ಲಿ ನಾರ್ತ್ ಕೆರೊಲೈನಾದ ಷಾರ್ಲಟ್‌ನಲ್ಲಿ ಶಾಲೆ ಮುಗಿಸಿದಾಗ ಹುಡುಗ ಆರಡಿ ಎತ್ತರ, ಸುಮಾರು 72 ಕೆ.ಜಿ. ಅಪ್ಪ ಡೆಲ್ ಕರಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ 16 ಸೀಸನ್ ಆಡಿದವರು. ಆದರೂ ಅಪ್ಪ, ಅಮ್ಮ ಇಬ್ಬರೂ ಆಡಿದ್ದ ವರ್ಜೀನಿಯಾ ಟೆಕ್ ಕೂಡ, ಬೇಕಿದ್ದರೆ ಸ್ಕಾಲರ್‌ಶಿಪ್ ಇಲ್ಲದೆ ಬಂದು ಸೇರಲಿ ಎಂದಿತು. ಆಯ್ಕೆಗಾರರ ಲೆಕ್ಕಕ್ಕೆ ಬಾರದೇ ಹೋದದ್ದು ಆ ಹುಡುಗನ ಶಾಟ್, ಬುಟ್ಟಿಗೆ ಚೆಂಡು ಎಸೆಯುವ ರೀತಿ.

ಮೊದಲು ಆ ಶಾಟ್ ಹೀಗಿರಲಿಲ್ಲ. ತೋಳಲ್ಲಿ ಬಲ ಸಾಲದೆ ಚೆಂಡನ್ನು ಸೊಂಟದ ಮಟ್ಟದಿಂದ ಮೇಲೆ ತಳ್ಳುತ್ತಿದ್ದ. ಶಾಲೆಯಲ್ಲಿ ಅದು ನಡೆಯುತ್ತದೆ. ಕಾಲೇಜು ಮಟ್ಟದಲ್ಲಿ ಎದುರಿಗೆ ಆರೂವರೆ ಅಡಿಯ ಆಟಗಾರ ನಿಂತರೆ ಚೆಂಡು ಎದೆ ದಾಟುವ ಮೊದಲೇ ಏಟು ಬೀಳುತ್ತದೆ. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಡೆಲ್ ಅದನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿದರು: ಚೆಂಡು ಹಣೆಗಿಂತ ಮೇಲೆ ಹೋಗಬೇಕು, ಅಲ್ಲಿಂದಲೇ ಬಿಡುಗಡೆಯಾಗಬೇಕು. ತೋಳಿಗೆ ಇನ್ನೂ ಆ ಶಕ್ತಿ ಇರಲಿಲ್ಲವಾದ್ದರಿಂದ ವಾರಗಟ್ಟಲೆ ಬುಟ್ಟಿಯ ಹತ್ತಿರದಿಂದಷ್ಟೇ ಎಸೆತ, ದೂರದಿಂದ ಎಸೆದರೆ ತಲುಪುತ್ತಲೇ ಇರಲಿಲ್ಲ. ಶಾಟ್ ತಿದ್ದಿಕೊಳ್ಳಲು ಹೊರಟ ಹೆಚ್ಚಿನ ಹುಡುಗರು ಹಳೆಯ ರೂಢಿಗೆ ಜಾರುವುದು ಇದೇ ಹಂತದಲ್ಲಿ, ಅವಸರದಲ್ಲಿ ದೂರಕ್ಕೆ ಹೋಗಿ.

ಡೇವಿಡ್ಸನ್ ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲದ ಕಾಲೇಜು. ಕೋಚ್ ಬಾಬ್ ಮೆಕಿಲಪ್ ಕರಿಯನ್ನು ಕರೆತಂದರು. ಮೊದಲ ಪಂದ್ಯ ಈಸ್ಟರ್ನ್ ಮಿಷಿಗನ್ ವಿರುದ್ಧ: 15 ಅಂಕ, 13 ಟರ್ನೋವರ್ (ಎದುರಾಳಿಗೆ ಚೆಂಡು ಬಿಟ್ಟುಕೊಟ್ಟದ್ದು). ಹಾಗಿದ್ದೂ ಕೋಚ್ ಬೆಂಚಿಗೆ ಕಳಿಸಲಿಲ್ಲ, ಮುಂದಿನ ಪಂದ್ಯದಲ್ಲಿ ಮಿಷಿಗನ್ ವಿರುದ್ಧ ಕರಿ 32 ಅಂಕ ಹೊಡೆದರು. ಆ ವರ್ಷದ ಸರಾಸರಿ 21.5.

ಮೆಕಿಲಪ್ ತಂಡದ ಆಟ ನಿಂತದ್ದು ಚೆಂಡಿಲ್ಲದೆ ಓಡುವುದರ ಮೇಲೆ. ಸಹ ಆಟಗಾರ ಸ್ಕ್ರೀನ್ ಆಗಿ, ಅಂದರೆ ಡಿಫೆಂಡರ್‌ನ ದಾರಿಗೆ ಅಡ್ಡವಾಗಿ, ಗಟ್ಟಿಯಾಗಿ ನಿಲ್ಲುತ್ತಾನೆ, ಕರಿ ಅವನ ಭುಜಕ್ಕೆ ಭುಜ ಉಜ್ಜುವಷ್ಟು ಹತ್ತಿರದಿಂದ ಸುತ್ತಿ ಬರಬೇಕು. ನಡುವೆ ಸಂದು ಉಳಿದರೆ ಡಿಫೆಂಡರ್ ಅದರಲ್ಲೇ ನುಸುಳುತ್ತಾನೆ. ಅವನು ಬೆನ್ನ ಹಿಂದೆ ಬಂದರೆ ಒಳಕ್ಕೆ ತಿರುಗುವುದು, ಸ್ಕ್ರೀನಿನ ಆಚೆಯಿಂದ ಅಡ್ಡದಾರಿ ಹಿಡಿದರೆ ಮೂಲೆಗೆ ಸರಿದು ಎಸೆಯುವುದು. ಸ್ಕ್ರೀನ್ ನಿಲ್ಲುವ ಮೊದಲೇ ಓಡಿದರೆ ಎಲ್ಲ ಹಾಳು: ಅಡ್ಡ ನಿಂತವನು ಅಲುಗಾಡುತ್ತಾನೆ, ಫೌಲ್ ಬೀಳುತ್ತದೆ. ಸಮಯಕ್ಕೆ ಸರಿಯಾಗಿ ಚೆಂಡು ಮುಟ್ಟಿಸುತ್ತಿದ್ದವರು ಜೇಸನ್ ರಿಚರ್ಡ್ಸ್, 2007-08ರಲ್ಲಿ ಅಸಿಸ್ಟ್‌ಗಳಲ್ಲಿ (ಅಂಕಕ್ಕೆ ದಾರಿಯಾಗುವ ಪಾಸ್‌ಗಳಲ್ಲಿ) ದೇಶಕ್ಕೇ ಮೊದಲಿಗರು. ಕರಿಯ ಕತೆಯಲ್ಲಿ ಈ ಹೆಸರು ಮರೆಯಾಗುವುದು ನ್ಯಾಯವಲ್ಲ.

ಆ ಸೀಸನ್‌ನಲ್ಲಿ ಕರಿ 162 ತ್ರೀ-ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹಾಕುವ ಮೂರಂಕದ ಎಸೆತ) ಹಾಕಿದರು, ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯಲ್ಲಿ ಅದು ಒಂದು ಸೀಸನ್‌ನ ಹೊಸ ದಾಖಲೆ. 2008ರ ಮಾರ್ಚ್‌ನ ಎನ್‌ಸಿಎಎ ಟೂರ್ನಿಯಲ್ಲಿ ಗೊನ್ಜಾಗಾ ವಿರುದ್ಧ 40 ಅಂಕ. 1969ರ ಬಳಿಕ ಈ ಟೂರ್ನಿಯಲ್ಲಿ ಡೇವಿಡ್ಸನ್ ಪಂದ್ಯ ಗೆದ್ದದ್ದು ಅಂದೇ. ನಂತರ 17 ಅಂಕ ಹಿಂದಿದ್ದೂ ಜಾರ್ಜ್‌ಟೌನ್ ವಿರುದ್ಧ ಗೆಲುವು, ಆಮೇಲೆ ವಿಸ್ಕಾನ್ಸಿನ್. ಕಾನ್ಸಸ್ ವಿರುದ್ಧ 57-59ರಲ್ಲಿದ್ದಾಗ ಕೊನೆಯ ದಾಳಿಯಲ್ಲಿ ಕರಿಯನ್ನು ಇಬ್ಬರು ಮುತ್ತಿದರು, ಚೆಂಡು ರಿಚರ್ಡ್ಸ್ ಕೈಗೆ ಹೋಯಿತು, ಶಾಟ್ ತಪ್ಪಿತು.

ಮೂರನೇ ವರ್ಷ ಎರಡು ಬದಲಾವಣೆ. ತ್ರೀ-ಪಾಯಿಂಟ್ ಗೆರೆ 19 ಅಡಿ 9 ಇಂಚಿನಿಂದ (6.02 ಮೀಟರ್) ಒಂದು ಅಡಿ ಹಿಂದಕ್ಕೆ ಸರಿಯಿತು, ನಮ್ಮ ಅಂಗಳಗಳ ಈಗಿನ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ಗೆರೆ 6.75 ಮೀಟರ್. ರಿಚರ್ಡ್ಸ್ ಓದು ಮುಗಿಸಿ ಹೊರಟಿದ್ದರಿಂದ ಪಾಯಿಂಟ್ ಗಾರ್ಡ್ ಹೊಣೆಯೂ, ಅಂದರೆ ಚೆಂಡು ಹಿಡಿದು ಆಟ ನಡೆಸುವ ಕೆಲಸವೂ, ಕರಿಯ ಹೆಗಲೇರಿತು. ಪಂದ್ಯವೊಂದಕ್ಕೆ ಅಸಿಸ್ಟ್ 2.9ರಿಂದ 5.6ಕ್ಕೆ ಏರಿತು, ತ್ರೀ-ಪಾಯಿಂಟ್ ಯಶಸ್ಸು ಶೇ. 43.9ರಿಂದ 38.7ಕ್ಕೆ ಇಳಿಯಿತು. ಗೆರೆಗಿಂತ ಹೊರೆಯೇ ಇಳಿಕೆಗೆ ಹೆಚ್ಚು ಕಾರಣ ಎನಿಸುತ್ತದೆ: ತಾನೇ ಡ್ರಿಬಲ್ ಮಾಡಿ ಎಸೆಯುವುದು, ಪಾಸ್ ಹಿಡಿದು ಎಸೆಯುವಷ್ಟು ಸಲೀಸಲ್ಲ. ಆದರೂ 28.6 ಅಂಕದ ಸರಾಸರಿಯೊಂದಿಗೆ ದೇಶದಲ್ಲೇ ಮೊದಲ ಸ್ಥಾನ.

ಅದೇ ಸೀಸನ್‌ನ ನವೆಂಬರ್‌ನಲ್ಲಿ ಮೇರಿಲ್ಯಾಂಡಿನ ಲೊಯೋಲಾ ತಂಡ ಇಡೀ ಪಂದ್ಯ ಕರಿಗೆ ಇಬ್ಬರನ್ನು ಕಾವಲಿಟ್ಟಿತು. ಕರಿ ಮೂಲೆಗೆ ಹೋಗಿ ನಿಂತರು, ಉಳಿದ ನಾಲ್ವರು ಮೂವರ ಎದುರು ಆಡಿದರು. ಕರಿಯ ಅಂಕ ಸೊನ್ನೆ, ಡೇವಿಡ್ಸನ್‌ಗೆ 78-48ರ ಗೆಲುವು.

2009ರ ಡ್ರಾಫ್ಟ್‌ನಲ್ಲಿ (ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಕಾರ್ಯಕ್ರಮ) ಮಿನೆಸೋಟಾ ತಂಡ 5 ಮತ್ತು 6ನೇ ಸರದಿಯಲ್ಲಿ ಬೇರೆ ಇಬ್ಬರು ಪಾಯಿಂಟ್ ಗಾರ್ಡ್‌ಗಳನ್ನು ಆರಿಸಿತು. 7ನೆಯವರಾಗಿ ಕರಿಯನ್ನು ಗೋಲ್ಡನ್ ಸ್ಟೇಟ್ ತೆಗೆದುಕೊಂಡಿತು.