ಎಣ್ಣೆ ಬದಲಿಸುವ ಮುನ್ನ: ಮಕ್ಕಳ ಮತ್ತು ಯುವಜನರ ಕೂದಲುದುರುವಿಕೆ

ಕೂದಲುದುರುತ್ತದೆಂದು ಚರ್ಮರೋಗ ವಿಭಾಗಕ್ಕೆ ಬರುವ ಯುವತಿಯರಲ್ಲಿ ಅನೇಕರು ಉದುರಿದ ಕೂದಲನ್ನು ಪ್ಲಾಸ್ಟಿಕ್ ಕವರಿನಲ್ಲೋ ಹಳೆಯ ಔಷಧಿ ಚೀಟಿಯಲ್ಲೋ ಸುತ್ತಿ ತಂದಿರುತ್ತಾರೆ. ಅದನ್ನು ಮೇಜಿನ ಮೇಲೆ ಬಿಡಿಸಿಟ್ಟು, ತುದಿಯಲ್ಲಿರುವ ಬಿಳಿಯ ಚುಕ್ಕೆಯನ್ನು ತೋರಿಸಿ, ಬೇರೇ ಕಿತ್ತು ಬಂದಿದೆ ಎಂದು ಕಂಗಾಲಾಗುತ್ತಾರೆ. ವಾಸ್ತವದಲ್ಲಿ ಆ ಬಿಳಿ ಚುಕ್ಕೆ ಸಮಾಧಾನದ ಸಂಗತಿ. ತನ್ನ ಅವಧಿ ಮುಗಿಸಿ ಸಹಜವಾಗಿ ಕಳಚಿಕೊಂಡ ಕೂದಲಿನ ಬುಡ ಹಾಗೆಯೇ ಇರುತ್ತದೆ. ಹೊಸ ಕೂದಲನ್ನು ಹುಟ್ಟಿಸುವ ಕೋಶವು ಚರ್ಮದೊಳಗೇ ಉಳಿದಿರುತ್ತದೆ. ಚುಕ್ಕೆಯಿಲ್ಲದೆ ತುಂಡುತುಂಡಾಗಿದ್ದರೆ ಅದು ಉದುರಿದ್ದಲ್ಲ, ಮುರಿದದ್ದು; ಅದರ ಕಾರಣಗಳೇ ಬೇರೆ.

ಯಾವ ಎಣ್ಣೆ ಹಚ್ಚಬೇಕು, ಯಾವ ಶಾಂಪೂ ಒಳ್ಳೆಯದು ಎಂಬ ಪ್ರಶ್ನೆಯೊಂದಿಗೆ ಮಾತು ಶುರುವಾಗುವುದು ರೂಢಿ. ಆದರೆ ಕೂದಲುದುರುವುದು ಒಂದು ರೋಗವಲ್ಲ, ಹತ್ತಾರು ರೋಗಗಳ ಒಂದು ಲಕ್ಷಣ. ಎಲ್ಲಿ ಉದುರುತ್ತಿದೆ, ಯಾವಾಗಿನಿಂದ, ಕೂದಲು ಹೋದ ಜಾಗದ ಚರ್ಮ ಹೇಗಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಬಹುಪಾಲು ರೋಗನಿರ್ಣಯ ಮುಗಿದಂತೆಯೇ. ರಕ್ತಪರೀಕ್ಷೆಗಳು ಬರುವುದು ಆಮೇಲೆ.

'ಯಾವಾಗಿನಿಂದ' ಎಂಬುದನ್ನು ಮೊದಲು ತೆಗೆದುಕೊಳ್ಳೋಣ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದೂ 2ರಿಂದ 6 ವರ್ಷ ಬೆಳೆದು, ಎರಡು-ಮೂರು ವಾರ ಕುಗ್ಗಿ, ಮೂರು ತಿಂಗಳಷ್ಟು ಕಾಲ ವಿಶ್ರಾಂತಿಯಲ್ಲಿದ್ದು ಬಳಿಕ ಬೀಳುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಈ ಲೆಕ್ಕದಲ್ಲಿ ಸಹಜ. ಡೆಂಗಿ, ಟೈಫಾಯ್ಡ್, ಕೋವಿಡ್‌ನಂಥ ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ಹೆರಿಗೆ, ತೂಕ ಇಳಿಸಲೆಂದು ಊಟ ಬಿಟ್ಟದ್ದು, ಇಂಥ ಯಾವುದಾದರೊಂದು ಆಘಾತವಾದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ದೊಡ್ಡ ಪಾಲು ಒಮ್ಮೆಲೇ ವಿಶ್ರಾಂತಿಗೆ ಸರಿಯುತ್ತದೆ, ಎರಡು-ಮೂರು ತಿಂಗಳ ಬಳಿಕ ಒಟ್ಟಿಗೆ ಉದುರುತ್ತದೆ. ಟೆಲೋಜೆನ್ ಎಫ್ಲೂವಿಯಮ್ ಎಂದು ಕರೆಯುವುದು ಇದನ್ನೇ. ಮಳೆಗಾಲದಲ್ಲಿ ಡೆಂಗಿ ಬಂದು ಹೋದವರು ದೀಪಾವಳಿಯ ಹೊತ್ತಿಗೆ ಕೂದಲಿನ ದೂರು ಹೊತ್ತು ಬರುವುದು ಇದಕ್ಕಾಗಿಯೇ. ಅಷ್ಟರಲ್ಲಿ ಅವರು ಜ್ವರವನ್ನು ಮರೆತು, ಕಳೆದ ವಾರ ಬದಲಿಸಿದ ಶಾಂಪೂವನ್ನು ದೂರುತ್ತಿರುತ್ತಾರೆ.

ಇಂಥವರ ನೆತ್ತಿಯ ಚರ್ಮ ಶುದ್ಧವಾಗಿರುತ್ತದೆ, ಎಲ್ಲಿಯೂ ಬೋಳಾದ ಜಾಗ ಕಾಣುವುದಿಲ್ಲ, ಇಡೀ ತಲೆಯ ಕೂದಲು ಸಮನಾಗಿ ತೆಳುವಾಗಿರುತ್ತದೆ. ಐವತ್ತು-ಅರವತ್ತು ಕೂದಲನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಜಗ್ಗಿದರೆ ಆರಕ್ಕಿಂತ ಹೆಚ್ಚು ಕೈಗೆ ಬಂದರೆ ಉದುರುವಿಕೆ ಇನ್ನೂ ಜೋರಾಗಿದೆ ಎಂದರ್ಥ. ಚಿಕಿತ್ಸೆಯೆಂದರೆ ಮೂಲ ಕಾರಣವನ್ನು ಸರಿಪಡಿಸಿ ಕಾಯುವುದು. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಲ್ಲುತ್ತದೆ, ದಟ್ಟಣೆ ಮರಳಲು ಇನ್ನಷ್ಟು ತಿಂಗಳು ಬೇಕು. ಈ ನಡುವೆ ಯಾವ ತೈಲ ಹಚ್ಚಿದರೂ ಗುಣವಾಗಿಯೇ ಆಗುತ್ತದೆ, ಕೀರ್ತಿ ತೈಲಕ್ಕೆ ಹೋಗುತ್ತದೆ. ಸಾಮಾಜಿಕ ಜಾಲತಾಣದ 'ಮೊದಲು–ನಂತರ' ಚಿತ್ರಗಳಲ್ಲಿ ಎಷ್ಟೋ ಇಂಥವೇ ಇರಬೇಕೆಂದು ನನ್ನ ಅನುಮಾನ.

ಆರು ತಿಂಗಳು ಕಳೆದರೂ ನಿಲ್ಲದಿದ್ದರೆ ರಕ್ತಹೀನತೆ ಮತ್ತು ಥೈರಾಯ್ಡ್ ಕಡೆಗೆ ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೀಗಿರುವಾಗ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ, ಬೆಳಿಗ್ಗೆ ತಿಂಡಿ ಬಿಟ್ಟು ಕಾಲೇಜಿಗೆ ಓಡುವ ಹುಡುಗಿಗೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ಸಂಗ್ರಹದ ಅಳತೆ) ಮತ್ತು ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್ ನೋಡಿಸದೆ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಬರೆದುಕೊಡುವುದು ನನಗೆ ಒಪ್ಪಿಗೆಯಾಗದ ಕ್ರಮ. ನಿಜವಾದ ಬಯೋಟಿನ್ ಕೊರತೆ ಬಲು ವಿರಳ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ಆದ್ದರಿಂದ ಅದನ್ನು ನುಂಗುತ್ತಿರುವವರು ರಕ್ತ ಕೊಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಪೋಷಕಾಂಶ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ವಿಟಮಿನ್ ಎ ಮತ್ತು ಸೆಲೆನಿಯಂ ಅತಿಯಾದರೆ ಕೂದಲು ಉದುರುತ್ತದೆ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ 2024ರ ಕೊನೆ ಮತ್ತು 2025ರ ಆರಂಭದಲ್ಲಿ ಹಲವರ ಕೂದಲು ಕೆಲವೇ ದಿನಗಳಲ್ಲಿ ಉದುರಿದಾಗ ಗೋಧಿಯಲ್ಲಿದ್ದ ಸೆಲೆನಿಯಂ ಮೇಲೆಯೇ ಸಂಶಯ ಮೂಡಿತ್ತು.

ಬೆಂಗಳೂರಿಗೆ ಓದಲು ಬಂದವರೆಲ್ಲ ಬೋರ್‌ವೆಲ್ ನೀರನ್ನು ಬೈಯುತ್ತಾರೆ. ಗಡಸು ನೀರು ಕೂದಲನ್ನು ಒರಟಾಗಿಸುತ್ತದೆ, ಶಾಂಪೂ ನೊರೆ ಬಾರದಂತೆ ಮಾಡುತ್ತದೆ, ಎಳೆ ಮುರಿಯುವುದಕ್ಕೂ ದಾರಿಯಾಗಬಹುದು. ಆದರೆ ಚರ್ಮದ ಕೆಳಗೆ ಮೂರು-ನಾಲ್ಕು ಮಿಲಿಮೀಟರ್ ಆಳದಲ್ಲಿರುವ ಬೇರಿನವರೆಗೆ ಆ ನೀರು ಹೋಗುವುದಿಲ್ಲ. ಊರು ಬಿಟ್ಟು ಬಂದ ಮೊದಲ ವರ್ಷದಲ್ಲಿ ಪಿಜಿಯ ಊಟ, ಕೆಟ್ಟ ನಿದ್ದೆ, ಒಂದೆರಡು ಜ್ವರಗಳೂ ಜೊತೆಗಿರುತ್ತವೆ ಎಂಬುದು ಯಾರಿಗೂ ನೆನಪಾಗುವುದಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ಆತುರದ ಲೆಕ್ಕ ತಿರುಗುಮುರುಗಾಗುತ್ತದೆ. ಕಾಲೇಜಿನ ಹುಡುಗಿ ಹೆದರುವಷ್ಟು ಹೆದರಬೇಕಾಗಿಲ್ಲ, ಆರು ವರ್ಷದ ಮಗುವಿನ ತಂದೆತಾಯಿ ಮಾತ್ರ ಇನ್ನೊಂದಿಷ್ಟು ಬೇಗ ಬರಬೇಕಿತ್ತು ಎಂದು ಅನಿಸುತ್ತದೆ. ಕಾರಣ, ಮೂರರಿಂದ ಹನ್ನೆರಡು ವರ್ಷದೊಳಗಿನವರ ತಲೆಯಲ್ಲಿ ಅಲ್ಲಲ್ಲಿ ಕೂದಲು ಹೋಗಿ, ಹೊಟ್ಟು ಕಟ್ಟಿ, ತುರಿಕೆಯಿದ್ದರೆ ನಾವು ಮೊದಲು ಎಣಿಸುವುದು ತಲೆಯ ಹುಳುಕಡ್ಡಿಯನ್ನು, ಅಂದರೆ ಫಂಗಸ್ ಸೋಂಕನ್ನು. ಅದು ಕೂದಲಿನ ಎಳೆಯೊಳಗೇ ಸೇರಿ ಅದನ್ನು ಚರ್ಮದ ಮಟ್ಟದಲ್ಲಿ ಮುರಿಯುತ್ತದೆ. ಬೋಳು ಜಾಗದಲ್ಲಿ ಕಪ್ಪು ಚುಕ್ಕೆಗಳಂತೆ ಕಾಣುವುದು ಈ ಮುರಿದ ಮೊಟುಕುಗಳೇ. ಕುತ್ತಿಗೆಯ ಹಿಂಭಾಗದಲ್ಲಿ ಸಣ್ಣ ಗಂಟುಗಳು ಕೈಗೆ ಸಿಕ್ಕರೆ ಸಂಶಯ ಬಲವಾಗುತ್ತದೆ.

ಕೆಲವು ಮಕ್ಕಳಲ್ಲಿ ದೇಹವು ಈ ಫಂಗಸ್ಸಿಗೆ ತೀವ್ರವಾಗಿ ಪ್ರತಿಕ್ರಿಯಿಸಿ ನೆತ್ತಿಯ ಮೇಲೆ ಮೆತ್ತನೆಯ, ಹಲವು ರಂಧ್ರಗಳಿಂದ ಕೀವು ಒಸರುವ ಊತ ಏಳುತ್ತದೆ. ಇದಕ್ಕೆ ಕೀರಿಯಾನ್ ಎಂದು ಹೆಸರು. ತಲೆಗೆ ಟವೆಲ್ ಸುತ್ತಿಕೊಂಡು, ನೊಣ ಓಡಿಸಿಕೊಳ್ಳುತ್ತ ಅಮ್ಮನ ಮಡಿಲಲ್ಲಿ ಕುಳಿತ ಇಂಥ ಮಗು ನಮ್ಮಲ್ಲಿಗೆ ತಲುಪುವ ಹೊತ್ತಿಗೆ ಎರಡು ಬಗೆಯ ಆಂಟಿಬಯಾಟಿಕ್ ಮುಗಿದಿರುತ್ತದೆ, ಒಮ್ಮೊಮ್ಮೆ ಕುರುವೆಂದು ತಿಳಿದು ಕೊಯ್ದಿರುವುದೂ ಉಂಟು. ಕೊಯ್ಯುವ ಅಗತ್ಯವಿರಲಿಲ್ಲ. ಒಂದು ಮುರಿದ ಕೂದಲನ್ನು ಚಿಮುಟದಿಂದ ಎತ್ತಿ, ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಯ ಉದ್ದಕ್ಕೂ ಮಣಿಗಳಂತೆ ತುಂಬಿರುವ ಫಂಗಸ್ ಬೀಜಕಣಗಳು ಬಹಳಷ್ಟು ಬಾರಿ ಅಲ್ಲೇ ಕಾಣಸಿಗುತ್ತವೆ. ಹೆಚ್ಚು ಖರ್ಚಿನ ಪರೀಕ್ಷೆಯೇನಲ್ಲ.

ಚಿಕಿತ್ಸೆಯಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ತಲೆಯ ಹುಳುಕಡ್ಡಿ ಮುಲಾಮಿನಿಂದ ಹೋಗುವುದಿಲ್ಲ. ಹಚ್ಚಿದ ಔಷಧ ಕೂದಲಿನ ಬೇರಿನೊಳಗೆ ಇಳಿಯದ ಕಾರಣ ಗ್ರಿಸಿಯೋಫಲ್ವಿನ್ ಅಥವಾ ಟರ್ಬಿನಾಫಿನ್ ಎಂಬ ಔಷಧವನ್ನು ಮಗುವಿನ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಬಾಯಿಯಿಂದಲೇ ಕೊಡಬೇಕಾಗುತ್ತದೆ. ಗ್ರಿಸಿಯೋಫಲ್ವಿನ್ ಹಾಲು ಅಥವಾ ತುಪ್ಪ ಬೆರೆತ ಊಟದೊಂದಿಗೆ ಚೆನ್ನಾಗಿ ಹೀರಿಕೆಯಾಗುತ್ತದೆ. ಅದನ್ನು ಕನಿಷ್ಠ ಆರರಿಂದ ಎಂಟು ವಾರ ಕೊಡಬೇಕು. ಹತ್ತು ದಿನಕ್ಕೆ ತುರಿಕೆ ನಿಂತಿತೆಂದು ಔಷಧ ಬಿಟ್ಟವರು ಮತ್ತೆ ಬರುತ್ತಾರೆ. ಕೀಟೊಕೊನಜೋಲ್ ಶಾಂಪೂ ಬೀಜಕಣ ಹರಡುವುದನ್ನು ತಗ್ಗಿಸುತ್ತದೆ, ಅಷ್ಟೇ. ಬಾಚಣಿಗೆ, ಟೋಪಿ, ದಿಂಬು ಬೇರೆ ಮಾಡಿ, ಅಣ್ಣ-ತಂಗಿಯರ ತಲೆಯನ್ನೂ ಪರೀಕ್ಷಿಸಬೇಕು. ಅಂಗಡಿಯಲ್ಲಿ ಕೇಳಿ ತರುವ ಸ್ಟೆರಾಯ್ಡ್ ಬೆರೆತ ಮಿಶ್ರ ಮುಲಾಮು ಮೊದಲ ವಾರ ಕೆಂಪು, ತುರಿಕೆಗಳನ್ನು ಮರೆಮಾಚಿ ಒಳಗೊಳಗೆ ಸೋಂಕನ್ನು ಬೆಳೆಸುತ್ತದೆ. ತಡವಾದ ಕೀರಿಯಾನ್ ಕಲೆಯುಳಿಸಿ ಮಾಯ್ದರೆ ಆ ಜಾಗದಲ್ಲಿ ಕೂದಲು ಮತ್ತೆಂದೂ ಹುಟ್ಟುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಚಿತ್ರ ಅಲೋಪೇಶಿಯಾ ಏರಿಯೇಟಾದ್ದು. ನಿನ್ನೆಯವರೆಗೆ ಏನೂ ಇರಲಿಲ್ಲ, ಇಂದು ಕ್ಷೌರಿಕರು ನಾಣ್ಯದಗಲದ ಬೋಳನ್ನು ತೋರಿಸಿದರು ಎನ್ನುತ್ತಾರೆ. ಚರ್ಮ ನುಣುಪಾಗಿರುತ್ತದೆ, ಹೊಟ್ಟಿಲ್ಲ, ನೋವಿಲ್ಲ. ಅಂಚಿನಲ್ಲಿ ಬುಡ ಸಣ್ಣದಾಗಿ ತುದಿ ದಪ್ಪವಾದ, ಆಶ್ಚರ್ಯಸೂಚಕ ಚಿಹ್ನೆಯ ಆಕಾರದ ಗಿಡ್ಡ ಕೂದಲುಗಳು ಕಂಡರೆ ಬೇರೆ ಪುರಾವೆ ಬೇಡ. ಊರಿನಲ್ಲಿ ಇದಕ್ಕೆ ಹುಳ ತಿಂದಿದೆ ಎನ್ನುತ್ತಾರೆ. ಹುಳವೂ ಇಲ್ಲ, ಫಂಗಸ್ಸೂ ಇಲ್ಲ. ದೇಹದ ರೋಗನಿರೋಧಕ ಕಣಗಳೇ ಕೂದಲಿನ ಬೇರನ್ನು ಹೊರಗಿನದೆಂದು ತಿಳಿದು ಮುತ್ತುತ್ತವೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಆದ್ದರಿಂದ ಮಗುವನ್ನು ಶಾಲೆಯಲ್ಲಿ ದೂರ ಕೂರಿಸುವುದಕ್ಕೆ ಅರ್ಥವಿಲ್ಲ. ಬೆಳ್ಳುಳ್ಳಿ ತಿಕ್ಕಿ, ಗುಲಗಂಜಿ ಅರೆದು ಹಚ್ಚಿ ಬೊಬ್ಬೆ ಎಬ್ಬಿಸಿಕೊಂಡು ಬರುವ ಮಕ್ಕಳಿಗೆ ಮೊದಲು ಸುಟ್ಟ ಗಾಯವನ್ನೇ ಗುಣಪಡಿಸಬೇಕಾಗುತ್ತದೆ.

ಒಂದೆರಡು ಸಣ್ಣ ತೇಪೆಗಳಾದರೆ ಬಹುಮಂದಿಗೆ ಒಂದು ವರ್ಷದೊಳಗೆ ತಾನಾಗಿಯೇ ಕೂದಲು ಬರುತ್ತದೆ, ಮೊದಲು ಬಿಳಿಯಾಗಿ, ಆಮೇಲೆ ಬಣ್ಣ ತುಂಬಿಕೊಂಡು. ಚಿಕ್ಕ ಮಕ್ಕಳಿಗೆ ಸ್ಟೆರಾಯ್ಡ್ ದ್ರಾವಣ ಹಚ್ಚಲು ಕೊಡುತ್ತೇವೆ, ಚುಚ್ಚುಮದ್ದಿನ ನೋವು ತಾಳಬಲ್ಲ ವಯಸ್ಸಿನವರಿಗೆ ತೇಪೆಯೊಳಗೇ ನಾಲ್ಕರಿಂದ ಆರು ವಾರಗಳಿಗೊಮ್ಮೆ ಟ್ರಯಾಮ್ಸಿನೋಲೋನ್ ಎಂಬ ಸ್ಟೆರಾಯ್ಡ್ ಕೊಡುತ್ತೇವೆ. ಇಡೀ ತಲೆ, ಹುಬ್ಬು, ರೆಪ್ಪೆಗಳೂ ಹೋದವರಿಗೆ ಹಿಂದೆ ನಮ್ಮ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಜೆಎಕೆ ಪ್ರತಿರೋಧಕಗಳೆಂಬ ಮಾತ್ರೆಗಳು ಆ ಸ್ಥಿತಿಯನ್ನು ಬದಲಿಸಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2022ರಲ್ಲಿ ವಯಸ್ಕರಿಗೆ ಬ್ಯಾರಿಸಿಟಿನಿಬ್ಬನ್ನೂ 2023ರಲ್ಲಿ 12 ವರ್ಷ ಮೇಲ್ಪಟ್ಟವರಿಗೆ ರಿಟ್ಲೆಸಿಟಿನಿಬ್ಬನ್ನೂ ಒಪ್ಪಿತು. ಇವು ಪವಾಡದ ಮಾತ್ರೆಗಳಲ್ಲ. ಬಿಟ್ಟರೆ ಕೂದಲು ಮತ್ತೆ ಹೋಗುವ ಸಂಭವವಿದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧವಾದ್ದರಿಂದ, ಕ್ಷಯರೋಗ ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಅಡಗಿದ ಕ್ಷಯದ ಪರೀಕ್ಷೆ ಮಾಡಿಸದೆ ಶುರು ಮಾಡುವಂತಿಲ್ಲ.

ತೇಪೆಯ ಆಕಾರ ವಕ್ರವಾಗಿದ್ದು, ಅದರೊಳಗೆ ಉದ್ದ-ಗಿಡ್ಡ ಕೂದಲುಗಳು ಬೆರೆತಿದ್ದರೆ ಮಗು ತಾನೇ ಕೀಳುತ್ತಿದೆಯೇ ಎಂದು ವಿಚಾರಿಸುತ್ತೇವೆ, ಪೋಷಕರನ್ನು ಹೊರಗೆ ಕೂರಿಸಿ. ಹಾಸ್ಟೆಲ್ಲಿನ ಪಿಯುಸಿ ಮಕ್ಕಳಲ್ಲಿ ಪರೀಕ್ಷೆಯ ಸಮಯದಲ್ಲಿ ಇದು ಹೆಚ್ಚು ಕಾಣುತ್ತದೆಂಬುದು ನನ್ನ ಅನುಭವ. ಬೈದರೆ ಅಭ್ಯಾಸ ಮುಚ್ಚಿಟ್ಟುಕೊಳ್ಳುತ್ತದೆಯೇ ಹೊರತು ನಿಲ್ಲುವುದಿಲ್ಲ. ಅಭ್ಯಾಸ ಬದಲಿಸುವ ತರಬೇತಿ ಕೊಡಬಲ್ಲ ಮನಃಶಾಸ್ತ್ರಜ್ಞರ ಬಳಿ ಕಳುಹಿಸುವುದೇ ಸರಿಯಾದ ದಾರಿ. ಕಿತ್ತ ಕೂದಲನ್ನು ನುಂಗುವ ಮಗುವಿಗೆ ಹೊಟ್ಟೆನೋವು, ವಾಂತಿ ಇದ್ದರೆ ಜಠರದಲ್ಲಿ ಕೂದಲಿನ ಗಂಟು ಕಟ್ಟಿದೆಯೇ ಎಂದು ಸ್ಕ್ಯಾನ್ ಮಾಡಿಸಬೇಕು.

ಇನ್ನೊಂದು ಕಾರಣ ನಾವೇ ಕಟ್ಟುವ ಜಡೆ. ಎಣ್ಣೆ ಹಚ್ಚಿ, ಹಣೆಯಿಂದ ಬಿಗಿಯಾಗಿ ಎಳೆದು, ರಿಬ್ಬನ್ನಿನಿಂದ ಮಡಚಿ ಕಟ್ಟುವ ಎರಡು ಜಡೆ ಅನೇಕ ಶಾಲೆಗಳಲ್ಲಿ ಇಂದಿಗೂ ಕಡ್ಡಾಯ. ಭರತನಾಟ್ಯ ಕಲಿಯುವವರಿಗೆ ಅದರ ಮೇಲೆ ಚೌರಿ, ಮೊಗ್ಗಿನ ಜಡೆಯ ಭಾರ. ವರ್ಷಗಟ್ಟಲೆ ಹೀಗೆ ಎಳೆದರೆ ಹಣೆ ಮತ್ತು ಕಿವಿಯ ಮೇಲಿನ ಅಂಚು ಹಿಂದೆ ಸರಿಯುತ್ತದೆ. ಆರಂಭದಲ್ಲೇ ಸಡಿಲಿಸಿದರೆ ಪೂರ್ತಿ ಮರಳುತ್ತದೆ, ಮುಂದುವರಿದರೆ ಬೇರು ಸತ್ತುಹೋಗುತ್ತದೆ. ಶಾಲೆಗಳು ಕೂದಲು ಅಚ್ಚುಕಟ್ಟಾಗಿರಲಿ ಎಂದು ಕೇಳಬಹುದು. ಬಿಗಿತವನ್ನು ನಿಯಮ ಮಾಡಬಾರದು.

ಹಸುಗೂಸುಗಳ ಹಿಂದಲೆ ಮೂರು ತಿಂಗಳ ಸುಮಾರಿಗೆ ಬೋಳಾಗುವುದು ಸಹಜ, ಚಿಕಿತ್ಸೆ ಬೇಡ. ಧರ್ಮಸ್ಥಳದಲ್ಲೋ ಮಲೆ ಮಹದೇಶ್ವರ ಬೆಟ್ಟದಲ್ಲೋ ಜವಳ ತೆಗೆಸುವುದು ಹರಕೆಯ ವಿಷಯ, ಅದರಿಂದ ಕೂದಲು ದಟ್ಟವಾಗುವುದಿಲ್ಲ. ಕತ್ತರಿಸಿದ ಮೊಂಡು ತುದಿ ಕೈಗೆ ಒರಟಾಗಿ ಸಿಗುವುದರಿಂದ ಹಾಗೆ ಅನಿಸುತ್ತದೆ. ತೆಗೆಸುವವರು ಹೊಸ ಬ್ಲೇಡನ್ನು ತಮ್ಮ ಕಣ್ಣೆದುರೇ ಬಿಚ್ಚಿಸಲಿ.

ಕೊನೆಯದಾಗಿ, ಹದಿನೆಂಟು-ಇಪ್ಪತ್ತರಲ್ಲೇ ಹಣೆಯ ಮೂಲೆಗಳು ಮತ್ತು ನೆತ್ತಿ ತೆಳುವಾಗುವ ಹುಡುಗರು. ಟೆಸ್ಟೊಸ್ಟಿರೋನಿನಿಂದ ಹುಟ್ಟುವ ಡಿಎಚ್‌ಟಿ ಎಂಬ ಹಾರ್ಮೋನಿಗೆ ಕೂದಲಿನ ಬೇರು ಸ್ಪಂದಿಸುವ ಗುಣ ವಂಶವಾಹಿಗಳಿಂದ ಬರುತ್ತದೆ. ತಾಯಿಯ ಕಡೆಯಿಂದ ಮಾತ್ರ ಬರುತ್ತದೆಂಬುದು ಅರ್ಧಸತ್ಯ, ಇಬ್ಬರ ಪಾಲೂ ಇದೆ. ಹುಡುಗಿಯರಲ್ಲಿ ಬೈತಲೆ ಅಗಲವಾಗುತ್ತ, ಮುಟ್ಟು ತಪ್ಪುತ್ತ, ಗಲ್ಲದ ಮೇಲೆ ಕೂದಲು ಬರುತ್ತಿದ್ದರೆ ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಇದೆಯೇ ಎಂದು ನೋಡಬೇಕು. ಕೂದಲು ಬೆಳೆಸಲು ಕೊಡುವ ಮಿನಾಕ್ಸಿಡಿಲ್ ದ್ರಾವಣ ಹಚ್ಚಿದ ಮೊದಲ ಕೆಲವು ವಾರ ಉದುರುವುದು ಹೆಚ್ಚಾಗಬಹುದು. ಗಾಬರಿಯಾಗಿ ಬಿಟ್ಟುಬಿಡುವವರು ಬಹಳ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ನಿಲ್ಲಿಸಿದರೆ ಗಳಿಸಿದ್ದು ಕಳೆದುಹೋಗುತ್ತದೆ. 1997ರಲ್ಲಿ ಅಮೆರಿಕದಲ್ಲಿ ಪುರುಷರಿಗೆಂದು ಒಪ್ಪಿಗೆ ಪಡೆದ 1 ಮಿಲಿಗ್ರಾಂ ಫಿನಾಸ್ಟರೈಡ್ ಎಂಬ, ಡಿಎಚ್‌ಟಿ ತಗ್ಗಿಸುವ ಮಾತ್ರೆ ಪರಿಣಾಮಕಾರಿ. ಆದರೆ ಹದಿನೆಂಟರ ಒಳಗಿನವರಿಗೆ ಅಲ್ಲ, ಗರ್ಭ ಧರಿಸಬಹುದಾದ ಮಹಿಳೆಯರು ಪುಡಿಯಾದ ಮಾತ್ರೆಯನ್ನು ಮುಟ್ಟಲೂಬಾರದು. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು, ಮನಸ್ಸು ಮಂಕಾಗುವುದು ವರದಿಯಾಗಿದೆ, ಆದ್ದರಿಂದ ಮುಜುಗರವಿಲ್ಲದೆ ಇದನ್ನು ಮೊದಲೇ ಮಾತನಾಡಿಯೇ ಬರೆದುಕೊಡಬೇಕು.

ಕೂದಲು ಕಸಿ ಮಾಡಿಸಿಕೊಂಡೇ ಮದುವೆಗೆ ಹೆಣ್ಣು ನೋಡುತ್ತೇನೆ ಎನ್ನುವ ಇಪ್ಪತ್ತೆರಡರ ಹುಡುಗನಿಗೆ ನಾನು ಬೇಡವೆನ್ನುತ್ತೇನೆ. ಹಿಂದಲೆಯಿಂದ ತೆಗೆಯಬಹುದಾದ ಕೂದಲಿಗೆ ಮಿತಿಯಿದೆ, ಅವನ ಬೋಳು ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆಂದು ಆ ವಯಸ್ಸಿನಲ್ಲಿ ಹೇಳಲಾಗದು, ಮುಂದೆ ಸುತ್ತಲಿನ ಕೂದಲು ಹಿಂದೆ ಸರಿದರೆ ಕಸಿ ಮಾಡಿದ ಸಾಲು ಮಾತ್ರ ಹಣೆಯ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ಕನಿಷ್ಠ ಒಂದು ವರ್ಷ ಔಷಧ ಬಳಸಿ, ಆರು ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ, ಒಂದೇ ಕೋನದಿಂದ ನೆತ್ತಿಯ ಫೋಟೋ ತೆಗೆದಿಟ್ಟುಕೊಂಡು ಬಾ ಎನ್ನುತ್ತೇನೆ. ಆಮೇಲೂ ಬೇಕೆಂದರೆ, ಸೀಳುವ ಕೆಲಸವನ್ನು ತಂತ್ರಜ್ಞರ ಕೈಗೊಪ್ಪಿಸದೆ ಸ್ವತಃ ನಿಂತು ಮಾಡುವ, ಅದಕ್ಕೆ ತರಬೇತಿ ಪಡೆದ ನೋಂದಾಯಿತ ವೈದ್ಯರನ್ನೇ ಹುಡುಕಿಕೊಳ್ಳಬೇಕು.