ಮೀನು ತಿನ್ನುವ ಮೊಸಳೆ ಹೋದರೆ ಮೀನು ಹೆಚ್ಚಬೇಕಲ್ಲವೇ?

ಹೆಚ್ಚಬೇಕು ಎಂದೇ ಯಾರಾದರೂ ಹೇಳುತ್ತಾರೆ. ಆದರೆ ಅಮೆಜಾನಿನ ಉಪನದಿಗಳು ದೊಡ್ಡ ನದಿಯನ್ನು ಸೇರುವೆಡೆಯ ಸರೋವರಗಳಲ್ಲಿ ಕಪ್ಪು ಕೇಮನ್ ಎಂಬ ಮೊಸಳೆಗಳನ್ನು ಬೇಟೆಯಾಡಿ ಮುಗಿಸಿದ ಮೇಲೆ ಮೀನೂ ಕಡಿಮೆಯಾಯಿತೆಂಬ ಮಾತು ಕೇಳಿಬಂತು. ಜರ್ಮನ್ ವಿಜ್ಞಾನಿ ಅರ್ನ್‌ಸ್ಟ್ ಯೋಸೆಫ್ ಫಿಟ್‌ಕಾವ್ 1970ರಲ್ಲಿ ಇದಕ್ಕೊಂದು ಕಾರಣ ಮುಂದಿಟ್ಟರು. ಆ ಸರೋವರಗಳ ನೀರಿನಲ್ಲಿ ಪೋಷಕಾಂಶ ತೀರಾ ಕಡಿಮೆ. ಅಮೆಜಾನಿನಿಂದ ಅಲ್ಲಿಗೆ ವಲಸೆ ಬರುವ ಮೀನುಗಳನ್ನು ಕೇಮನ್ ತಿಂದು, ಅವುಗಳ ಮೈಯಲ್ಲಿದ್ದ ರಂಜಕ, ಸಾರಜನಕಗಳನ್ನು ಮಲಮೂತ್ರದ ರೂಪದಲ್ಲಿ ಅದೇ ನೀರಿಗೆ ಬಿಡುತ್ತದೆ. ಅದನ್ನುಂಡು ಪಾಚಿ, ಪಾಚಿಯಿಂದ ಸೂಕ್ಷ್ಮಜೀವಿಗಳು, ಅವುಗಳಿಂದ ಮೀನುಮರಿಗಳು. ಭಕ್ಷಕನೇ ಗೊಬ್ಬರ ಹಾಕುವವನು!

ಕೇಮನ್ ಅಲಿಗೇಟರ್ ಕುಟುಂಬದ್ದು. ರಂಗನತಿಟ್ಟಿನ ನಮ್ಮ ಮೊಸಳೆ ಬಾಯಿ ಮುಚ್ಚಿದರೂ ಕೆಳದವಡೆಯ ನಾಲ್ಕನೆಯ ಹಲ್ಲು ಹೊರಗೆ ಕಾಣುತ್ತದೆ. ಕೇಮನ್‌ನಲ್ಲಿ ಅದು ಮೇಲ್ದವಡೆಯ ಗುಳಿಯಲ್ಲಿ ಅಡಗುತ್ತದೆ. ಕಪ್ಪು ಕೇಮನ್ ಆ ಕುಟುಂಬದ ದೈತ್ಯ. ದೊಡ್ಡ ಗಂಡುಗಳು 4 ಮೀಟರ್ ದಾಟುತ್ತವೆ. ಹೆಣ್ಣು ಎಲೆ, ಹುಲ್ಲು ಗುಡ್ಡೆಹಾಕಿ 30ರಿಂದ 60 ಮೊಟ್ಟೆ ಇಡುತ್ತದೆ. ಕೊಳೆಯುವ ಎಲೆರಾಶಿ ತಿಪ್ಪೆಯಂತೆ ಬಿಸಿಯೇರುತ್ತದೆ, ಮರಿ ಹೆಣ್ಣೋ ಗಂಡೋ ಎಂಬುದನ್ನು ಆ ಬಿಸಿಯೇ ತೀರ್ಮಾನಿಸುತ್ತದೆ. ಮರಿಗಳ ಕೂಗು ಕೇಳಿದ ತಾಯಿ ಗೂಡು ಬಗೆದು, ಅವುಗಳನ್ನು ಬಾಯಲ್ಲಿಟ್ಟು ನೀರಿಗೆ ಒಯ್ಯುತ್ತದೆ. ಕೀಟ, ಬಸವನಹುಳು ತಿಂದು ಬೆಳೆಯುವ ಮರಿಗಳು ತಾವೇ ಕೊಕ್ಕರೆ, ಹಾವುಗಳಿಗೆ ತುತ್ತಾಗುವುದುಂಟು.

ಕಪ್ಪು ಕೇಮನ್‌ಗಳಿಗೆ ಮುಳುವಾದದ್ದು ಚರ್ಮ. ಬೇರೆ ಕೇಮನ್‌ಗಳ ಹೊಟ್ಟೆಯ ಚರ್ಮದಲ್ಲಿ ಎಲುಬಿನ ಬಿಲ್ಲೆಗಳು ಹೆಚ್ಚು. ಇದರದ್ದು ಮೃದು, ಹಾಗಾಗಿ ದುಬಾರಿ. 1940ರ ದಶಕದಿಂದ 1970ರ ದಶಕದವರೆಗೆ ನಡೆದ ಬೇಟೆಯಲ್ಲಿ ಎಷ್ಟೋ ನದಿಗಳು ಬರಿದಾದವು. ವ್ಯಾಪಾರಕ್ಕೆ ನಿರ್ಬಂಧ ಬಿದ್ದ ಮೇಲೆ ಬ್ರೆಜಿಲ್‌ನ ಮಾಮಿರವಾ ರಕ್ಷಿತ ಪ್ರದೇಶದಂಥ ಕಡೆ ಅವು ಮತ್ತೆ ತುಂಬಿಕೊಂಡಿವೆ. ಬಲೆ ಹರಿಯುತ್ತವೆಂದು ಮೀನುಗಾರರಿಗೆ ಸಿಟ್ಟು; ಅದು ಸುಳ್ಳಲ್ಲ.

ಹಾಗಾದರೆ ಫಿಟ್‌ಕಾವ್ ಹೇಳಿದ್ದು ಸರಿಯೇ? ನನಗೆ ಅರ್ಧ ನಂಬಿಕೆ. ಮೊಸಳೆಗಳು ಶೀತರಕ್ತದವು, ತಮ್ಮ ಗಾತ್ರಕ್ಕೆ ತಿನ್ನುವುದು ಕಡಿಮೆ. ಗೊಬ್ಬರವೂ ಅಷ್ಟೇ ತಾನೆ? ಮಾಮಿರವಾದಲ್ಲಿ ಕೇಮನ್ ಜೊತೆಗೆ ದೈತ್ಯ ಮೀನು ಪಿರಾರುಕುವೂ ಹೆಚ್ಚಿದೆ ನಿಜ. ಆದರೆ 1999ರಿಂದ ಅಲ್ಲಿನ ಜನರೇ ಮೀನುಗಾರಿಕೆಗೆ ಮಿತಿ ಹಾಕಿಕೊಂಡಿದ್ದಾರೆ. ಮೇಲಾಗಿ ಆಂಡಿಸ್ ಪರ್ವತದ ಹೂಳು ಹೊತ್ತು ಬರುವ ಅಲ್ಲಿನ ನೀರು ಮೊದಲೇ ಫಲವತ್ತು. ಈ ಊಹೆಯನ್ನು ಪರೀಕ್ಷಿಸಬೇಕಾದದ್ದು ಪೋಷಕಾಂಶಕ್ಕೆ ಬರವಿರುವ ಕಪ್ಪುನೀರಿನ ಸರೋವರಗಳಲ್ಲಿ.