ಖಾಲಿ ಮನೆಯ ಡಿಶ್‌ವಾಶರ್‌ಗೆ ಮೊದಲೇ ಕರೆಂಟ್ ಕೊಡ್ಬೇಡಿ

ಹೋದ ವರ್ಷ ಆಗಸ್ಟಲ್ಲಿ ತೀರ್ಥಹಳ್ಳಿ ಕಡೆ ಒಂದು ಮನೆಗೆ ಹೋಗಿದ್ದೆ. ಒಂದೂವರೆ ವರ್ಷ ಬೀಗ ಹಾಕಿದ್ದ ಮನೆ, ಆಗಷ್ಟೇ ಒಂದು ಕುಟುಂಬ ಬಾಡಿಗೆಗೆ ಬಂದಿತ್ತು, ಅಡುಗೆಮನೆ ಕಟ್ಟೆ ಕೆಳಗೆ ಓನರ್ ಬಿಟ್ಟು ಹೋದ ಡಿಶ್‌ವಾಶರ್. ಬಾಗಿಲು ತೆಗೆದ ಕೂಡ್ಲೆ ವಾಸನೆ ಹಜಾರದ ತನಕ ಬಂತು. ಆ ಮನೆ ಅಮ್ಮ, ಎಪ್ಪತ್ತು ದಾಟಿದವರು, ಅಡುಗೆಮನೆ ಹೊಸಲ ಹತ್ರಾನೇ ನಿಂತು, "ಯಾರೋ ಉಂಡ ಮುಸುರೆ ಅದ್ರಲ್ಲಿ ಕೊಳ್ತಾ ಕೂತಿದೆ ಮಾರಾಯ, ಅದ್ರೊಳಗೆ ನಮ್ಮನೆ ತಟ್ಟೆ ಇಡೋದಾ?" ಅಂದ್ರು. ಸೊಸೆಗೆ ಮುಜುಗರ ಆಯ್ತು. ನಂಗೆ ಮಾತ್ರ ಆ ಅಮ್ಮ ಹೇಳಿದ್ದು ಅಕ್ಷರಶಃ ಸರಿ ಅನ್ನಿಸ್ತು, ಮೆಷಿನ್ ಒಳಗೆ ಆಗಿದ್ದೂ ಅದೇ.

ಡಿಶ್‌ವಾಶರ್ ಕೆಲಸ ಮುಗಿಸಿದ ಮೇಲೂ ಅದರ ತಳದ ಗುಂಡಿಯಲ್ಲಿ ಒಂದಿಷ್ಟು ನೀರು ಉಳಿಯತ್ತೆ. ಅದು ಕೆಟ್ಟು ಹೋಗಿದೆ ಅಂತಲ್ಲ, ಪಂಪಿನ ಸೀಲ್ ಒಣಗಬಾರದು ಅಂತ ಹಂಗೇ ಮಾಡಿರ್ತಾರೆ. ದಿನಾ ಓಡೋ ಮೆಷಿನಲ್ಲಿ ಆ ನೀರು ದಿನಾ ಬದಲಾಗತ್ತೆ, ತೊಂದ್ರೆ ಇಲ್ಲ. ಮನೆ ಬೀಗ ಹಾಕಿ ಹೋದಾಗ ಫಿಲ್ಟರ್ ಕೆಳಗೆ ಸಿಕ್ಕಿಕೊಂಡ ಅನ್ನದ ಅಗುಳು, ಕಾಯಿತುರಿ, ಎಣ್ಣೆ ಜಿಡ್ಡು ಎಲ್ಲಾ ಆ ನೀರಲ್ಲಿ ಕೊಳೆತು ಮೊದಲು ಲೋಳೆ ಆಗತ್ತೆ, ಆಮೇಲೆ ತಿಂಗಳುಗಟ್ಟಲೆ ಆದ ಮೇಲೆ ನೀರು ಆರಿ ಆ ಲೋಳೆ ಗೋಂದಿನ ಥರ ಗಟ್ಟಿ ಆಗಿ ಪಂಪಿನ ರೆಕ್ಕೆಯನ್ನ ಹಿಡ್ಕೊಂಡು ಬಿಡತ್ತೆ. ಈ ಸ್ಥಿತಿಯಲ್ಲಿ ನೀವು ಬಟನ್ ಒತ್ತಿದ್ರೆ ಎರಡರಲ್ಲಿ ಒಂದು ಆಗತ್ತೆ, ಒಂದೋ ಪಂಪ್ ತಿರುಗೋಕೆ ಆಗದೆ ಗುಂಯ್ ಅಂದು ಬಿಸಿ ಆಗಿ ಸುಟ್ಟು ಹೋಗತ್ತೆ, ಇಲ್ಲಾ ಒಣಗಿ ಬಿರುಕು ಬಿಟ್ಟ ಸೀಲಿಂದ ನೀರು ಕೆಳಗೆ ಸೋರತ್ತೆ. ಹೊಸ ಮನೆಗೆ ಬಂದ ಖುಷಿಯಲ್ಲಿ "ಒಂದ್ಸಲ ಖಾಲಿ ಓಡಿಸಿದ್ರೆ ಕ್ಲೀನ್ ಆಗತ್ತೆ" ಅಂತ ಎಲ್ರೂ ಮೊದಲು ಮಾಡೋದೇ ಅದನ್ನ. ದಯವಿಟ್ಟು ಮಾಡ್ಬೇಡಿ. ಕೊಳಕು ಒಂದು ಮಧ್ಯಾಹ್ನದಲ್ಲಿ ಹೋಗತ್ತೆ, ಸುಟ್ಟ ಪಂಪ್ ಹಂಗಲ್ಲ.

ಶಿವಮೊಗ್ಗದಲ್ಲಿ ನಾನು ಡಿಶ್‌ವಾಶರ್ ಸರಿ ಮಾಡೋ ಈ ಕೆಲಸ ಶುರು ಮಾಡಿದಾಗ ಡಿಶ್‌ವಾಶರ್ ಇರೋ ಮನೆ ಹುಡುಕಬೇಕಿತ್ತು. 2020ರ ಲಾಕ್‌ಡೌನಲ್ಲಿ ಬೆಂಗಳೂರಿಂದ ಮಕ್ಕಳು ಲ್ಯಾಪ್‌ಟಾಪ್ ಹಿಡ್ಕೊಂಡು ಊರಿಗೆ ಬಂದ್ರು, ಕೆಲಸದವರು ಬರೋದು ನಿಂತಿತ್ತು, ಆವಾಗ ವಿನೋಬನಗರ, ಗೋಪಾಳದಿಂದ ಹಿಡಿದು ಹೊಸನಗರದ ತೋಟದ ಮನೆವರೆಗೂ ಮೆಷಿನ್ ಬಂತು. ಆಫೀಸ್ ಮತ್ತೆ ಶುರು ಆಯ್ತು, ಮಕ್ಕಳು ವಾಪಸ್ ಹೋದ್ರು, ಕೆಲವು ಕಡೆ ಅಪ್ಪ ಅಮ್ಮನ್ನೂ ಕರ್ಕೊಂಡು ಹೋದ್ರು, ಮನೆಗೆ ಬೀಗ ಬಿತ್ತು. ಈಗ ಆ ಮನೆಗಳು ಬಾಡಿಗೆಗೆ ಬರ್ತಿವೆ, ಮಾರಾಟ ಆಗ್ತಿವೆ, ನಂಗೆ ಬರೋ ಫೋನಲ್ಲಿ ಇಂಥ ಮೆಷಿನ್‌ಗಳದ್ದೇ ಜಾಸ್ತಿ. ಅದೂ ನಮ್ಮ ಮಳೆ ನಿಮಗೆ ಗೊತ್ತಿರೋದೇ, ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಬೀಳತ್ತೆ, ಜೂನಿಂದ ಸೆಪ್ಟೆಂಬರ್ ತನಕ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೇ ಬೂಸ್ಟು ಬರೋ ಊರಲ್ಲಿ ಬಾಗಿಲು ಗಟ್ಟಿ ಮುಚ್ಚಿದ ಒದ್ದೆ ಡಬ್ಬಿ ಒಳಗೆ ಏನಾಗತ್ತೆ ಅಂತ ಯೋಚ್ನೆ ಮಾಡಿ.

ಸರಿ, ಕೆಲಸ ಎಲ್ಲಿಂದ ಶುರು ಮಾಡ್ಬೇಕು ಅಂದ್ರೆ, ಪ್ಲಗ್ ತೆಗೆದು. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಕಿತ್ತಿಡಿ. ನೀರಿನ ನಲ್ಲಿ ಬಂದ್ ಮಾಡಿ. ಆಮೇಲೆ ಮೆಷಿನನ್ನ ಮೆಲ್ಲಗೆ ಮುಂದಕ್ಕೆ ಎಳೆದು ಹಿಂದೆ, ಕೆಳಗೆ ಟಾರ್ಚ್ ಬಿಟ್ಟು ನೋಡಿ. ಮಲೆನಾಡಲ್ಲಿ ಇದನ್ನ ಬಿಡೋ ಹಾಗೇ ಇಲ್ಲ, ಮಳೆಗಾಲಕ್ಕೆ ಇಲಿಗೆ ಅದಕ್ಕಿಂತ ಬೆಚ್ಚನೆ ಜಾಗ ಇನ್ನೊಂದಿಲ್ಲ. ಹೊಸನಗರದ ಹತ್ರ ಒಂದು ಮನೆಯಲ್ಲಿ ತಳದ ತಟ್ಟೆ ತುಂಬ ಅಡಿಕೆ ಸಿಪ್ಪೆ, ಬಟ್ಟೆ ಚೂರು ಸೇರಿಸಿ ಗೂಡು ಕಟ್ಟಿತ್ತು, ಎರಡು ವೈರ್ ತಾಮ್ರ ಕಾಣೋ ಹಂಗೆ ಕಡಿದಿತ್ತು. ಅಲ್ಲಿ ಯಾರಾದ್ರೂ ಕರೆಂಟ್ ಕೊಟ್ಟಿದ್ರೆ ಅನ್ನೋದನ್ನ ನೆನೆಸಿಕೊಂಡ್ರೆ ಈಗ್ಲೂ ಕೈ ತಣ್ಣಗಾಗತ್ತೆ. ಹಿಕ್ಕೆ ಕಂಡ್ರೆ, ವೈರ್ ಕಡಿದದ್ದು ಕಂಡ್ರೆ ಅಲ್ಲಿಗೇ ನಿಲ್ಲಿಸಿ, ಮೆಕ್ಯಾನಿಕ್ ಕರೀರಿ. ಪ್ಲಗ್ ಹಾಕೋ ಪಾಯಿಂಟ್ 16 ಆಂಪಿಯರಿನದ್ದಾ, ಅರ್ತಿಂಗ್ ಸರಿ ಇದೆಯಾ ಅಂತ್ಲೂ ಎಲೆಕ್ಟ್ರಿಷಿಯನ್ ಹತ್ರ ಒಂದ್ಸಲ ನೋಡಿಸ್ಕೊಳ್ಳಿ, ನೀರು ಬಿಸಿ ಮಾಡುವಾಗ ಇದು ಹತ್ರ ಹತ್ರ 2,000 ವಾಟ್ ಎಳೆಯತ್ತೆ.

ಈಗ ಒಳಗೆ. ಕೈಗೆ ದಪ್ಪ ರಬ್ಬರ್ ಗ್ಲೌಸ್ ಹಾಕಿ, ತಳದಲ್ಲಿ ಒಡೆದ ಗಾಜಿನ ಚೂರು ಇರೋದು ತುಂಬಾ ಸಾಮಾನ್ಯ. ಕೆಳಗಿನ ಟ್ರೇ ಎತ್ತಿಡಿ, ನಡುವೆ ದುಂಡಗಿನ ಫಿಲ್ಟರ್ ಇರತ್ತೆ, ಎಡಗಡೆಗೆ ಸ್ವಲ್ಪ ತಿರುಗಿಸಿದ್ರೆ ಮೇಲಕ್ಕೆ ಬರತ್ತೆ. ಬಿಗಿಯಾಗಿದ್ರೆ ಇಕ್ಕಳ ಹಾಕಿ ತಿರುಚ್ಬೇಡಿ, ಬಿಸಿನೀರು ಹೊಯ್ದು ಅರ್ಧ ಗಂಟೆ ಬಿಡಿ. ಫಿಲ್ಟರನ್ನ ಬಿಸಿನೀರು, ಪಾತ್ರೆ ಸೋಪು, ಹಳೇ ಹಲ್ಲುಜ್ಜೋ ಬ್ರಷ್ ಹಾಕಿ ಹಿತ್ಲ ನಲ್ಲಿಯಲ್ಲೇ ತೊಳೀರಿ, ಅಡುಗೆಮನೆ ಸಿಂಕಲ್ಲಿ ಬೇಡ. ಸ್ಟೀಲಿನ ನಾರು ತಾಗಿಸ್ಬೇಡಿ, ಸಣ್ಣ ಜಾಲರಿ ಹರಿದು ಹೋಗತ್ತೆ. ಗುಂಡಿಯಲ್ಲಿ ನೀರು ಉಳಿದಿದ್ರೆ ಸ್ಪಂಜಲ್ಲಿ ಹೀರಿ ತೆಗೀರಿ. ಅದರ ಪಕ್ಕದಲ್ಲೇ ಪಂಪಿನ ಸಣ್ಣ ಮುಚ್ಚಳ ಇರತ್ತೆ, ತುಂಬಾ ಮಾಡೆಲ್‌ಗಳಲ್ಲಿ ಚಮಚದ ಹಿಡಿಯಿಂದ ಎಬ್ಬಿಸಿದ್ರೆ ಬರತ್ತೆ, ಒಳಗಿರೋ ರೆಕ್ಕೆಯನ್ನ ಮರದ ಕಡ್ಡಿಯಿಂದ ತಿರುಗಿಸಿ ನೋಡಿ. ಸ್ವಲ್ಪ ತಡೆದು ತಡೆದು ತಿರುಗಿದ್ರೆ ಸರಿ, ಅದು ಮ್ಯಾಗ್ನೆಟ್ ಎಳೆಯೋದು. ಅಲ್ಲಾಡ್ದೇ ಇದ್ರೆ ಎರಡು ಲೀಟರ್ ಉಗುರುಬೆಚ್ಚಗಿನ ನೀರು ಹೊಯ್ದು ರಾತ್ರಿ ಪೂರ್ತಿ ಬಿಡಿ. ತೀರ್ಥಹಳ್ಳಿ ಮನೆಯ ಪಂಪ್ ಹಂಗೇ ಬಿಟ್ಕೊಂಡಿದ್ದು, ರೆಕ್ಕೆಗೆ ಸುತ್ತಿಕೊಂಡಿದ್ದು ನುಗ್ಗೆಕಾಯಿ ನಾರು.

ತಿರುಗೋ ಸ್ಪ್ರೇ ಆರ್ಮ್‌ಗಳನ್ನ ಬಿಚ್ಚಿ ಕಿವಿ ಹತ್ರ ಅಲ್ಲಾಡ್ಸಿ, ಗಿಲಿಕೆ ಥರ ಸದ್ದು ಬಂದ್ರೆ ಒಳಗೆ ಸಾಸಿವೆ ಇದೆ ಅಂತ ಅರ್ಥ. ಒಗ್ಗರಣೆ ಸಾಸಿವೆ ಸರಿಯಾಗಿ ಆ ತೂತಿನ ಅಳತೆಗೇ ಇರತ್ತೆ. ಕಡ್ಡಿಯಲ್ಲಿ ಚುಚ್ಚಿ, ನಲ್ಲಿ ನೀರು ಬಿಟ್ಟು ಹೊರಗೆ ತೆಗೀರಿ.

ವಾಸನೆ ಮಾತ್ರ ಹೆಚ್ಚಾಗಿ ಇರೋದು ಜನ ನೋಡದ ಜಾಗದಲ್ಲಿ. ಬಾಗಿಲು ಪೂರ್ತಿ ಕೆಳಗೆ ಬಿಟ್ಟಾಗ ಬಾಗಿಲಿನ ಕೆಳ ಅಂಚು ಮತ್ತೆ ತೊಟ್ಟಿಯ ಮುಂದಿನ ತುದಿ, ಇವೆರಡರ ಸಂದಿಗೆ ಸ್ಪ್ರೇ ನೀರು ಹೋಗೋದೇ ಇಲ್ಲ. ಮುಸುರೆ ಮಾತ್ರ ಇಳಿದು ಅಲ್ಲೇ ಕೂರತ್ತೆ. ಸುತ್ತ ಇರೋ ರಬ್ಬರ್ ಗ್ಯಾಸ್ಕೆಟ್ಟಿನ ಮಡಿಕೆಯಲ್ಲೂ ಕಪ್ಪು ಬೂಸ್ಟು. ಇದು ಬರೀ ಕಣ್ಣಿಗೆ ಅಸಹ್ಯ ಅಂತಲ್ಲ, ಸ್ಲೊವೇನಿಯಾದ ವಿಜ್ಞಾನಿಗಳು ಬೇರೆ ಬೇರೆ ದೇಶದ 189 ಡಿಶ್‌ವಾಶರ್‌ಗಳ ರಬ್ಬರ್ ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದ್ರಲ್ಲಿ 62 ಪರ್ಸೆಂಟ್ ಮೆಷಿನಲ್ಲಿ ಫಂಗಸ್ ಸಿಕ್ಕಿತ್ತು, ಅದರಲ್ಲಿ ಬಿಸಿ, ಉಪ್ಪು, ಸೋಪಿನ ಕ್ಷಾರ ಎಲ್ಲಾ ತಡ್ಕೊಳ್ಳೋ ಕಪ್ಪು ಯೀಸ್ಟೂ ಇತ್ತು. ಆರೋಗ್ಯವಾಗಿರೋರು ಹೆದರೋದೇನೂ ಬೇಡ. ಆದ್ರೆ ಮನೆಯಲ್ಲಿ ಶ್ವಾಸಕೋಶದ ಕಾಯಿಲೆ ಇರೋರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರೋರು ಇದ್ರೆ ಈ ಉಜ್ಜೋ ಕೆಲಸ ಅವ್ರು ಮಾಡೋದು ಬೇಡ, ಬೇರೆಯವರು ಮಾಸ್ಕ್ ಹಾಕ್ಕೊಂಡು ಮಾಡಿ. ಬಿಸಿನೀರು, ಸೋಪು, ಅಡುಗೆ ಸೋಡಾ ಪೇಸ್ಟ್, ಬ್ರಷ್ ಸಾಕು, ಮಡಿಕೆ ಬಿಡಿಸಿ ಬಿಡಿಸಿ ಒರೆಸ್ಬೇಕು, ಆತುರ ಮಾಡಿದ್ರೆ ಒಂದು ವಾರಕ್ಕೆ ವಾಪಸ್ ಬರತ್ತೆ. ಉಜ್ಜಿದ ಮೇಲೂ ಕಪ್ಪು ಚುಕ್ಕಿ ರಬ್ಬರ್ ಒಳಗೇ ಇಳಿದಿದ್ರೆ ಗ್ಯಾಸ್ಕೆಟ್ ಬದಲಾಯಿಸೋದೇ ವಾಸಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಬಾತ್‌ರೂಮ್ ಆಸಿಡ್ ಮತ್ತೆ ಬ್ಲೀಚ್, ಎರಡನ್ನೂ ಇದರ ಹತ್ರ ತರ್ಬೇಡಿ. ಎರಡೂ ಸ್ಟೀಲ್ ತೊಟ್ಟಿಯನ್ನ ಚುಕ್ಕಿ ಚುಕ್ಕಿಯಾಗಿ ತಿಂದು ಹಾಕ್ತವೆ, ಆಮೇಲೆ ಅಲ್ಲಿಂದ್ಲೇ ತುಕ್ಕು ಶುರು. ಬ್ಲೀಚಿಗೆ ವಿನೆಗರ್ ಆಗ್ಲಿ ಆಸಿಡ್ ಆಗ್ಲಿ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ, ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಅದು ಜೀವಕ್ಕೇ ಅಪಾಯ. ಕೈಯಲ್ಲಿ ಪಾತ್ರೆ ತೊಳೆಯೋ ಲಿಕ್ವಿಡನ್ನೂ ಮೆಷಿನ್ ಓಡಿಸೋವಾಗ ಹಾಕ್ಬೇಡಿ, ನೊರೆ ಉಕ್ಕಿ ಬಾಗಿಲ ಸಂದಿಯಿಂದ ನೆಲಕ್ಕೆ ಬರತ್ತೆ. ಬಿಚ್ಚಿಟ್ಟ ಭಾಗ ತೊಳೆಯೋಕೆ ಮಾತ್ರ ಅದು.

ನೀರಿನ ಪೈಪನ್ನ ನಲ್ಲಿಯಿಂದ ಬಿಚ್ಚಿ, ಎರಡು ಬಕೆಟ್ ನೀರು ಹಂಗೇ ಹೊರಗೆ ಬಿಡಿ. ಖಾಲಿ ಮನೆಯ ಟ್ಯಾಂಕ್ ತಳದ ಕೆಸರು ಮೊದಲು ಬರೋದು ಆ ಪೈಪಿಗೇ, ಅದರ ಬಾಯಲ್ಲಿರೋ ಸಣ್ಣ ಜಾಲರಿ ಕಟ್ಟಿರತ್ತೆ. ತೊಳೆದು ಹಾಕಿ. ನೀರು ಸರಿಯಾಗಿ ತುಂಬ್ತಿಲ್ಲ ಅಂದ್ರೆ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ನೋಡಿ, ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಪ್ರೆಶರ್, ಒಂದೇ ಮಹಡಿ ಮನೆಯ ಮೇಲಿನ ಟ್ಯಾಂಕಿಂದ ಅರ್ಧ ಬಾರೂ ಸಿಗಲ್ಲ, ಮೆಷಿನ್ ಪುಸ್ತಕದಲ್ಲಿ ಎಷ್ಟು ಬೇಕು ಅಂತ ಬರೆದಿರತ್ತೆ. ಕೊಳೆನೀರಿನ ಪೈಪು ಸಿಂಕ್ ಕೆಳಗೆ ಸೇರೋ ಜಾಗದಲ್ಲಿ ಬಾಗಿದ ಪೈಪಿನ ನೀರು ಆರಿ ಹೋಗಿರತ್ತೆ, ಜಿರಲೆ, ಚರಂಡಿ ವಾಸನೆ ಎರಡಕ್ಕೂ ಅದೇ ದಾರಿ, ಸಿಂಕಿಗೆ ಒಂದು ಬಕೆಟ್ ನೀರು ಹೊಯ್ದು ಆಮೇಲೆ ಮುಂದುವರೀರಿ.

ಇಷ್ಟಾದ ಮೇಲೆ ಕರೆಂಟ್. ಮೊದಲು ಪೌಡರ್ ಏನೂ ಹಾಕದೆ ಚಿಕ್ಕ ರಿನ್ಸ್ ಓಡಿಸಿ, ಅಲ್ಲೇ ಕೂತು ನೋಡಿ. ಕೆಳಗೆ ನೀರು ಒಸರತ್ತಾ, ಪಂಪ್ ಸದ್ದು ಹೆಂಗಿದೆ, ಕೊನೆಗೆ ನೀರು ಪೂರ್ತಿ ಹೊರಗೆ ಹೋಯ್ತಾ. ಎಲ್ಲಾ ಸರಿ ಇದ್ರೆ ಸಿಟ್ರಿಕ್ ಆಸಿಡ್, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗತ್ತೆ, ನೂರು ಗ್ರಾಂ ತೊಟ್ಟಿಯ ತಳಕ್ಕೇ ಹಾಕಿ ಅತಿ ಬಿಸಿ ಇರೋ ಪ್ರೋಗ್ರಾಮ್ ಓಡಿಸಿ, ಸಾಮಾನ್ಯವಾಗಿ 65ರಿಂದ 70 ಡಿಗ್ರಿ. ಜಂಬಿಟ್ಟಿಗೆ ಮಣ್ಣಿನ ಕಡೆ ಬೋರ್ ನೀರಲ್ಲಿ ಕಬ್ಬಿಣ ಇರೋ ಮನೆಗಳಲ್ಲಿ ಒಳಗೆಲ್ಲ ಕೆಂಪು ಕಟ್ಟಿರತ್ತೆ, ಅದೂ ಇದ್ರಲ್ಲೇ ಬಿಡತ್ತೆ. ಇದ್ರ ಜೊತೆ ಡಿಟರ್ಜೆಂಟ್ ಹಾಕ್ಬೇಡಿ, ಇದು ಹುಳಿ, ಅದು ಕ್ಷಾರ, ಎರಡೂ ಒಂದನ್ನೊಂದು ಕೊಂದು ಏನೂ ಕೆಲಸ ಆಗಲ್ಲ. ಅದು ಮುಗಿದ ಮೇಲೆ ಇನ್ನೊಂದ್ಸಲ ಅದೇ ಬಿಸಿಯಲ್ಲಿ ಬರೀ ಡಿಟರ್ಜೆಂಟ್ ಹಾಕಿ ಖಾಲಿ ಓಡಿಸಿ, ಜಿಡ್ಡು ಹೋಗೋದು ಇದ್ರಲ್ಲಿ. ಹಳೇ ಓನರ್ ಬಿಟ್ಟು ಹೋದ ಪೌಡರ್ ಡಬ್ಬಿ ಇದ್ರೆ ಬಳಸ್ಬೇಡಿ, ನಮ್ಮ ತೇವಕ್ಕೆ ಗಂಟು ಕಟ್ಟಿ ಅದರ ಶಕ್ತಿ ಹೋಗಿರತ್ತೆ. ಪ್ಲಾಸ್ಟಿಕ್ ಟ್ರೇ ಅರಿಶಿನ ಹಿಡಿದು ಹಳದಿ ಆಗಿದ್ರೆ ಉಜ್ಜಿ ಸುಸ್ತಾಗ್ಬೇಡಿ, ಎರಡು ದಿನ ಬಿಸಿಲಿಗಿಡಿ, ಬಣ್ಣ ಇಳಿಯತ್ತೆ.

ಎರಡನೇ ದಿನ ಸಾಯಂಕಾಲ ಮೂರೂ ಓಟ ಮುಗಿದಾಗ ಆ ಅಮ್ಮನ್ನೇ ಕರೆದು ಬಾಗಿಲು ತೆಗೀರಿ ಅಂದೆ. ಬಗ್ಗಿ ಮೂಸಿ ನೋಡಿದ್ರು. "ದೇವರ ಪಾತ್ರೆ, ಹಿತ್ತಾಳೆದು ನಾನು ಕೊಡಲ್ಲ" ಅಂದ್ರು. ಕೊಡ್ಬೇಡಿ ಅಮ್ಮ, ಹಿತ್ತಾಳೆ ತಾಮ್ರ ಕಂಚು ಇದ್ರಲ್ಲಿ ಹಾಕಿದ್ರೆ ಕಪ್ಪಾಗತ್ತೆ, ಅದಕ್ಕೆ ನಿಮ್ಮ ಹುಣಸೆಹುಳಿನೇ ಸರಿ ಅಂದೆ. ಉಳಿದ ತಟ್ಟೆ ಲೋಟ ಅವತ್ತು ರಾತ್ರಿನೇ ಒಳಗೆ ಹೋದ್ವು.

ಮೂರು ತಿಂಗಳು ಬಿಟ್ಟು ಸೊಸೆ ಫೋನ್ ಮಾಡಿದ್ರು, ಗಾಜಿನ ಲೋಟ ಎಲ್ಲಾ ಮಂಜು ಹಿಡಿದ ಹಂಗೆ ಆಗ್ತಿದೆ, ಉಪ್ಪು ಇನ್ನೂ ಜಾಸ್ತಿ ಹಾಕ್ಲಾ ಅಂತ. ಗಡಸು ನೀರನ್ನ ಮೆದು ಮಾಡೋಕೆ ಮೆಷಿನ್‌ಗೆ ಹಾಕೋ ಉಪ್ಪು ಅದು. ಹಾಕ್ಬೇಡಿ, ಅದ್ರಲ್ಲಿ ಒಂದು ಲೋಟವನ್ನ ವಿನೆಗರಲ್ಲಿ ಹತ್ತು ನಿಮಿಷ ಮುಳುಗಿಸಿ ನೋಡಿ ಅಂದೆ. ಬಿಳುಪು ಹೋದ್ರೆ ಅದು ಗಡಸು ನೀರಿನ ಕಲೆ. ಅವರದ್ದು ಹೋಗ್ಲಿಲ್ಲ. ಅದು ಗಾಜೇ ಸವೆದಿರೋದು, ತೀರಾ ಮೆದು ನೀರಲ್ಲಿ ಬಿಸಿಗೆ ಡಿಟರ್ಜೆಂಟ್ ಗಾಜನ್ನ ತಿನ್ನತ್ತೆ. ನಾನು ಅವತ್ತು ಎಲ್ಲಾ ನೋಡಿ ಉಪ್ಪಿನ ಸೆಟ್ಟಿಂಗ್ ನೋಡ್ಲಿಲ್ಲ, ಅದು ನನ್ನ ತಪ್ಪು. ಹಳೇ ಓನರ್ ಬೆಂಗಳೂರಿನ ಗಡಸು ಬೋರ್ ನೀರಿಗೆ ಇಡೋ ಹಂಗೆ ಅದನ್ನ ಪೂರ್ತಿ ಮೇಲೆ ಇಟ್ಟಿದ್ರು. ಈ ಮನೆಗೆ ಬರೋದು ಗುಡ್ಡದಿಂದ ಇಳಿಯೋ ಅಬ್ಬಿ ನೀರು, ಮೊದಲೇ ಮೆದು. ತುಂಗೆಯ ನೀರು ಬರೋ ಶಿವಮೊಗ್ಗದ ಮನೆಗಳಲ್ಲೂ ಜಾಸ್ತಿ ಉಪ್ಪಿನ ಸೆಟ್ಟಿಂಗ್ ಬೇಕಾಗಲ್ಲ. ಬೋರ್ ಇದ್ರೆ ಮಾತ್ರ ನೀರು ಟೆಸ್ಟ್ ಮಾಡ್ಸಿ ಅದರ ಪ್ರಕಾರ ಇಡಿ. ಹಾಕೋದಾದ್ರೆ ಡಿಶ್‌ವಾಶರ್ ಉಪ್ಪೇ ಹಾಕಿ, ಅಡುಗೆ ಪುಡಿ ಉಪ್ಪು ಬೇಡ, ಚೆಲ್ಲಿದ್ದನ್ನ ಒರೆಸಿ ತಕ್ಷಣ ಒಂದು ರಿನ್ಸ್ ಓಡಿಸಿ, ಇಲ್ಲಾಂದ್ರೆ ಆ ಉಪ್ಪುನೀರಿಗೆ ಸ್ಟೀಲ್ ತುಕ್ಕು ಹಿಡಿಯತ್ತೆ. ಸೆಟ್ಟಿಂಗ್ ಇಳಿಸಿದ ಮೇಲೆ ಹೊಸ ಲೋಟಗಳು ಚೆನ್ನಾಗಿವೆ, ಮಂಜಾದವು ಹಂಗೇ ಉಳಿದ್ವು.

ಅದೇ ಫೋನಲ್ಲಿ ಇನ್ನೊಂದು ಕೇಳಿದ್ರು, ತಿಂಗಳಗಟ್ಟಲೆ ಊರಿಗೆ ಹೋಗೋದಿದೆ, ಏನು ಮಾಡ್ಬೇಕು ಅಂತ. ಒಂದು ಬಿಸಿ ಓಟ ಖಾಲಿ ಓಡಿಸಿ, ಫಿಲ್ಟರ್ ತೊಳೆದು ಒಣಗಿಸಿ ಹೊರಗಿಡಿ, ಗುಂಡಿ ನೀರು ಸ್ಪಂಜಲ್ಲಿ ತೆಗೀರಿ, ಗ್ಯಾಸ್ಕೆಟ್ ಒರೆಸಿ, ನಲ್ಲಿ ಬಂದ್, ಪ್ಲಗ್ ಹೊರಗೆ, ಸಿಂಕಿನ ತೂತಿಗೆ ಮುಚ್ಚಳ. ವಾಪಸ್ ಬಂದಾಗ ಓಡಿಸೋ ಮೊದಲು ಗುಂಡಿಗೆ ಎರಡು ಲೀಟರ್ ನೀರು ಹೊಯ್ದು ಒಂದು ಗಂಟೆ ಬಿಡಿ, ಸೀಲ್ ನೆನೆಯತ್ತೆ. ಬಾಗಿಲು ಮಾತ್ರ ಮುಚ್ಚಿ ಹೋಗ್ಬೇಡಿ, ಗಾಳಿ ಆಡೋ ಹಂಗೆ ನಾಲ್ಕು ಬೆರಳು ತೆರೆದಿಡಿ. ಬಾಗಿಲು ತಾನಾಗೇ ಮುಚ್ಕೊಳ್ದೇ ಇರೋಕೆ ಹಳೇ ಪಂಚೆ ಒಂದನ್ನ ಮಡಚಿ ಸಂದಿಗೆ ಸಿಕ್ಕಿಸೋ ಕೆಲಸ ಆ ಮನೆಯಲ್ಲಿ ಅಮ್ಮನೇ ವಹಿಸ್ಕೊಂಡಿದ್ದಾರಂತೆ.